ತಿಳಿಯಾಗಿರಬೇಕಿದ್ದ ನಕ್ಷತ್ರದಲ್ಲಿ ಈ ಮಣ್ಣು ಎಲ್ಲಿಂದ ಬಂತು?

ಅಮೆರಿಕದ ಪ್ಯಾಸಡೀನಾದಲ್ಲಿ ಕಾರ್ನೆಗಿ ವೀಕ್ಷಣಾಲಯದವರ ಬಳಿ ಹಳೆಯ ಗಾಜಿನ ಪ್ಲೇಟುಗಳ ದೊಡ್ಡ ಸಂಗ್ರಹವಿದೆ. ಡಿಜಿಟಲ್ ಕ್ಯಾಮೆರಾ ಇಲ್ಲದ ಕಾಲದಲ್ಲಿ ನಕ್ಷತ್ರದ ಬೆಳಕನ್ನು ಇಂಥ ಗಾಜಿನ ಮೇಲೆ ಹಿಡಿದಿಡುತ್ತಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಜೇ ಫರಿಹಿ ಒಂದು ಲೇಖನ ಸಿದ್ಧಪಡಿಸುವಾಗ ಅಲ್ಲಿಗೆ ಬರೆದು, 1917ರ ಒಂದು ಪ್ಲೇಟು ನೋಡಬೇಕಿತ್ತು ಅಂತ ಕೇಳಿದರು. ಅದು ವಾನ್ ಮಾನೆನ್ ನಕ್ಷತ್ರದ ಪ್ಲೇಟು. ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ವಾಲ್ಟರ್ ಆಡಮ್ಸ್ ತೆಗೆದದ್ದು. ಹುಡುಕಿದಾಗ ಸಿಕ್ಕಿತು. ಲಕೋಟೆಯ ಮೇಲೆ ಕೈಬರಹದಲ್ಲಿ ಒಂದು ಟಿಪ್ಪಣಿಯೂ ಇತ್ತು: ಈ ನಕ್ಷತ್ರ ಸೂರ್ಯನಿಗಿಂತ ಸ್ವಲ್ಪ ಬಿಸಿಯಾದ ಜಾತಿಯದಂತೆ ಕಾಣುತ್ತದೆ ಎಂಬ ಅರ್ಥದ್ದು.

ಪ್ಲೇಟಿನಲ್ಲಿ ಕ್ಯಾಲ್ಸಿಯಂ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ಎರಡು ಕಪ್ಪು ಗೆರೆ, ಅಷ್ಟೇ. ನಮ್ಮ ಸೌರಮಂಡಲದ ಆಚೆ ಗ್ರಹಗಳಿವೆ ಎನ್ನುವುದಕ್ಕೆ ಮನುಷ್ಯರ ಕೈಗೆ ಸಿಕ್ಕ ಮೊದಲ ಪುರಾವೆ ಆ ಎರಡು ಗೆರೆಗಳೇ ಎಂದು ಫರಿಹಿ 2016ರಲ್ಲಿ ಬರೆದರು. ಬೇರೆ ನಕ್ಷತ್ರಗಳ ಸುತ್ತ ಗ್ರಹಗಳಿವೆ ಅಂತ ಜಗತ್ತು ಒಪ್ಪಿಕೊಂಡದ್ದು 1990ರ ದಶಕದಲ್ಲಿ. ಪುರಾವೆ ಮಾತ್ರ ಅದಕ್ಕೂ 75 ವರ್ಷ ಮೊದಲೇ ಲಕೋಟೆಯೊಳಗೆ ಸುಮ್ನೆ ಕೂತಿತ್ತು.

ಆಡಮ್ಸ್ ಅದನ್ನು ಗುರುತಿಸಲಿಲ್ಲ ಅಂತ ದೂರುವ ಹಾಗಿಲ್ಲ. ಅದೇ ಗೆರೆಗಳು ಸೂರ್ಯನ ಬೆಳಕಿನಲ್ಲೂ ಇವೆ. ಎಲೆ ಅಡಿಕೆಯ ಸುಣ್ಣದಲ್ಲಿರುವ ಕ್ಯಾಲ್ಸಿಯಂ ನಕ್ಷತ್ರಗಳಲ್ಲೂ ಇರುವುದು ಮಾಮೂಲಿ ಸಂಗತಿ. ಆದರೆ ಈ ನಕ್ಷತ್ರದಲ್ಲಿ ಅದು ಇರಕೂಡದಿತ್ತು. ಯಾಕೆ ಇರಕೂಡದು ಅಂತ ತಿಳಿಯಲು ಇದು ಎಂಥ ನಕ್ಷತ್ರ ಅಂತ ಮೊದಲು ಗೊತ್ತಾಗಬೇಕು. 1917ರಲ್ಲಿ ಅದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ‘ಶ್ವೇತ ಕುಬ್ಜ’ ಎಂಬ ಹೆಸರೇ ಹುಟ್ಟಿದ್ದು 1922ರಲ್ಲಿ.

ಒಲೆ ಆರಿದ ಮೇಲಿನ ಕೆಂಡ

ಸೂರ್ಯನಂಥ ನಕ್ಷತ್ರ ತನ್ನ ಹೊಟ್ಟೆಯಲ್ಲಿರುವ ಹೈಡ್ರೋಜನ್ನನ್ನು ಹೀಲಿಯಂ ಆಗಿ ಬದಲಾಯಿಸುತ್ತಾ ಉರಿಯುತ್ತದೆ. ಆ ಇಂಧನ ಮುಗಿಯುತ್ತಾ ಬಂದಾಗ ನಕ್ಷತ್ರ ನೂರಾರು ಪಟ್ಟು ಊದಿಕೊಂಡು ಕೆಂಪು ದೈತ್ಯವಾಗುತ್ತದೆ. ಆಮೇಲೆ ಹೊರಗಿನ ಪದರಗಳೆಲ್ಲ ಆಕಾಶಕ್ಕೆ ತೂರಿ ಹೋಗುತ್ತವೆ. ನಡುವೆ ಉಳಿಯುವ ಗಟ್ಟಿ ಗುಂಡೇ ಶ್ವೇತ ಕುಬ್ಜ. ಸೌದೆಯೆಲ್ಲ ಮುಗಿದ ಮೇಲೆ ಒಲೆಯಲ್ಲಿ ಕೆಂಡ ಉಳಿಯುತ್ತದಲ್ಲ, ಹಾಗೆ. ಹೊಸದಾಗಿ ಏನೂ ಉರಿಯುವುದಿಲ್ಲ. ಇದ್ದ ಬಿಸಿ ಕೋಟ್ಯಂತರ ವರ್ಷ ನಿಧಾನವಾಗಿ ಆರುತ್ತದೆ.

ಗಾತ್ರ ಹೆಚ್ಚುಕಡಿಮೆ ಭೂಮಿಯಷ್ಟು. ತೂಕ ಸೂರ್ಯನ ಅರ್ಧಕ್ಕಿಂತ ಜಾಸ್ತಿ. ಅದರ ಒಂದು ಚಮಚ ಪದಾರ್ಥ ಹಲವು ಟನ್ ತೂಗುತ್ತದೆ. ಮೇಲ್ಮೈಯಲ್ಲಿ ಗುರುತ್ವದ ಸೆಳೆತ ಭೂಮಿಗಿಂತ ಸುಮಾರು ಒಂದು ಲಕ್ಷ ಪಟ್ಟು.

ನಮ್ಮ ಕತೆಗೆ ಬೇಕಾದದ್ದು ಈ ಸೆಳೆತವೇ. ಮಳೆಗಾಲದಲ್ಲಿ ಹೊಳೆ ನೀರನ್ನು ಹಂಡೆಗೆ ತುಂಬಿಟ್ಟರೆ ರಾತ್ರಿ ಕಳೆಯುವುದರೊಳಗೆ ಮಣ್ಣೆಲ್ಲ ತಳಕ್ಕೆ ಕೂತು, ಮೇಲೆ ತಿಳಿ ನೀರು ನಿಲ್ಲುತ್ತದೆ. ಶ್ವೇತ ಕುಬ್ಜದಲ್ಲಿ ನಡೆಯುವುದೂ ಇದೇ. ಲಕ್ಷ ಪಟ್ಟು ಸೆಳೆತಕ್ಕೆ ಸಿಕ್ಕಿ ಭಾರದ ಧಾತುಗಳೆಲ್ಲ ಕೆಳಗಿಳಿದು ಕಣ್ಮರೆಯಾಗುತ್ತವೆ. ಮೇಲೆ ಉಳಿಯುವುದು ಹಗುರವಾದ ಹೈಡ್ರೋಜನ್ ಅಥವಾ ಹೀಲಿಯಂ ಮಾತ್ರ. ಬಿಸಿಯಾದ, ಹೈಡ್ರೋಜನ್ ಹೊದಿಕೆಯ ಶ್ವೇತ ಕುಬ್ಜದಲ್ಲಿ ಈ ಕೆಲಸ ಕೆಲವು ದಿನ ಅಥವಾ ವಾರಗಳಲ್ಲೇ ಮುಗಿಯುತ್ತದೆ. ತಣ್ಣಗಾದ, ಹೀಲಿಯಂ ಹೊದಿಕೆಯದರಲ್ಲಿ ಹತ್ತಾರು ಲಕ್ಷ ವರ್ಷ ಹಿಡಿಯಬಹುದು. ಆದರೆ ಇವುಗಳ ಆಯಸ್ಸು ನೂರಾರು ಕೋಟಿ ವರ್ಷ. ಅದರ ಮುಂದೆ ಹತ್ತು ಲಕ್ಷ ವರ್ಷವೂ ಒಂದು ರಾತ್ರಿಯ ಲೆಕ್ಕ.

ಈಗ ನೋಡಿ, ಬೆಳಗ್ಗೆ ಎದ್ದು ಹಂಡೆಯ ಮುಚ್ಚಳ ತೆಗೆದಾಗ ನೀರು ಕದಡಿದ್ದರೆ ಏನಂದುಕೊಳ್ಳುತ್ತೀರಿ? ಈಗಷ್ಟೇ ಯಾರೋ ಮಣ್ಣು ಹಾಕಿದ್ದಾರೆ ಅಂತ ತಾನೇ? ಕ್ಯಾಲ್ಸಿಯಂ ಗೆರೆ ಹೇಳುತ್ತಿದ್ದದ್ದೂ ಅದನ್ನೇ.

ಗೆರೆಗಳ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ. ಒಲೆಯ ಉರಿಗೆ ಉಪ್ಪು ಬಿದ್ದರೆ ಬೆಂಕಿ ಹಳದಿಯಾಗುತ್ತದೆ. ಉಪ್ಪಿನ ಸೋಡಿಯಂಗೆ ಆ ಹಳದಿಯೇ ಗುರುತು. ಪ್ರತಿ ಧಾತುವಿಗೂ ಹೀಗೆ ತನ್ನದೇ ಬಣ್ಣಗಳಿವೆ. ಬಿಸಿ ನಕ್ಷತ್ರದ ಬೆಳಕು ಹೊರಗಿನ ತೆಳು ಅನಿಲವನ್ನು ಹಾದು ಬರುವಾಗ ಅಲ್ಲಿರುವ ಧಾತುಗಳು ತಮ್ಮ ಬಣ್ಣವನ್ನು ನುಂಗಿಕೊಳ್ಳುತ್ತವೆ. ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿದಾಗ ಆ ಜಾಗದಲ್ಲಿ ಕಪ್ಪು ಗೆರೆ ಬೀಳುತ್ತದೆ. ಹೀಗೆ ಬಿಡಿಸಿದ ಬೆಳಕೇ ರೋಹಿತ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕ್ಯಾಲ್ಸಿಯಂ ತುಂಬಾ ಜೋರಾಗಿ ಗೆರೆ ಎಳೆಯುತ್ತದೆ. ಹಾಗಾಗಿ ಚಿಟಿಕೆಯಷ್ಟಿದ್ದರೂ ಸಿಕ್ಕಿಬೀಳುತ್ತದೆ.

ತಪ್ಪು ಆರೋಪಿ, ಸರಿ ಆರೋಪಿ

ಮಣ್ಣು ಹಾಕಿದ್ದು ಯಾರು? ಬಹಳ ಕಾಲ ಎಲ್ಲರೂ ಬೊಟ್ಟು ಮಾಡಿದ್ದು ನಕ್ಷತ್ರಗಳ ನಡುವೆ ತೇಲುವ ಅನಿಲ-ಧೂಳಿನ ಮೋಡಗಳ ಕಡೆಗೆ. ಶ್ವೇತ ಕುಬ್ಜ ದಾರಿಯಲ್ಲಿ ಅಂಥ ಮೋಡದೊಳಗೆ ಹಾದು ಬಂದಾಗ ಮೈಗೆ ಕೊಳೆ ಮೆತ್ತಿಕೊಂಡಿತು ಎಂಬ ವಿವರಣೆ. ಕೇಳಲು ಸರಿಯಾಗೇ ಇದೆ. ತೊಂದರೆ ಏನೆಂದರೆ ಆ ಮೋಡಗಳಲ್ಲಿ ಬಹುಪಾಲು ಇರುವುದು ಹೈಡ್ರೋಜನ್. ಮೋಡದಿಂದ ಕ್ಯಾಲ್ಸಿಯಂ ಬಂದಿದ್ದರೆ ಅದರ ಜೊತೆ ರಾಶಿ ರಾಶಿ ಹೈಡ್ರೋಜನ್ನೂ ಬರಬೇಕಿತ್ತು. ಹೀಲಿಯಂ ಹೊದಿಕೆಯ ಎಷ್ಟೋ ನಕ್ಷತ್ರಗಳಲ್ಲಿ ಅಷ್ಟು ಹೈಡ್ರೋಜನ್ ಇಲ್ಲ. ಕೊಳೆಯಾದ ನಕ್ಷತ್ರಗಳ ಅಕ್ಕಪಕ್ಕ ಅಂಥ ಮೋಡಗಳೂ ಕಾಣುವುದಿಲ್ಲ.

ದಾರಿ ತೋರಿಸಿದ್ದು ಜಿ29-38 ಎಂಬ ಇನ್ನೊಂದು ಶ್ವೇತ ಕುಬ್ಜ. ನಮ್ಮಿಂದ ಸುಮಾರು 57 ಬೆಳಕಿನ ವರ್ಷ ದೂರ. 1987ರಲ್ಲಿ ಬೆನ್ ಜುಕರ್‌ಮನ್ ಮತ್ತು ಎರಿಕ್ ಬೆಕ್ಲಿನ್ ಹವಾಯಿಯ ಮೌನಾ ಕಿಯಾ ಬೆಟ್ಟದ ದೂರದರ್ಶಕದಿಂದ ಅದನ್ನು ಇನ್‌ಫ್ರಾರೆಡ್‌ನಲ್ಲಿ ನೋಡಿದರು. ಇನ್‌ಫ್ರಾರೆಡ್ ಅಂದರೆ ಕಣ್ಣಿಗೆ ಕಾಣದ, ಕಾವಿನ ಬೆಳಕು. ಇಷ್ಟು ಬಿಸಿಯಾದ ನಕ್ಷತ್ರದಿಂದ ಇನ್‌ಫ್ರಾರೆಡ್ ಕಡಿಮೆ ಬರಬೇಕು. ಇದರಲ್ಲಿ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಪಕ್ಕದಲ್ಲಿ ಇನ್ನೇನೋ ಬೆಚ್ಚಗಿನ ವಸ್ತು ಇದೆ ಅಂತಾಯಿತು.

ಜೊತೆಗಾರ ಕಂದು ಕುಬ್ಜ ಇರಬಹುದೇ? ಅಂದರೆ ನಕ್ಷತ್ರವಾಗಲು ತೂಕ ಸಾಲದೆ ಉಳಿದುಹೋದ ಕಾಯ. ಆಗ ಅಂಥದ್ದನ್ನು ಎಲ್ಲರೂ ಹುಡುಕುತ್ತಿದ್ದ ಕಾಲ, ಹಾಗಾಗಿ ಮೊದಲ ಊಹೆ ಅದೇ ಆಯಿತು. ಆದರೆ ಜಿ29-38ಕ್ಕೆ ಒಂದು ಒಳ್ಳೆಯ ಅಭ್ಯಾಸ ಇದೆ. ಅದು ಕೆಲವು ನಿಮಿಷಗಳಿಗೊಮ್ಮೆ ಮಿಡಿಯುತ್ತದೆ. ಬೆಳಕು ಏರುತ್ತದೆ, ಇಳಿಯುತ್ತದೆ. ಪಕ್ಕದಲ್ಲಿರುವುದು ಸ್ವಂತ ಕಾವಿರುವ ಕಂದು ಕುಬ್ಜವಾದರೆ ಅದಕ್ಕೆ ಈ ಮಿಡಿತದ ಗೊಡವೆ ಇಲ್ಲ. ನಕ್ಷತ್ರದ ಬೆಳಕಿನಿಂದಲೇ ಕಾಯುವ ಧೂಳಾದರೆ ಅದೂ ಜೊತೆಯಲ್ಲೇ ಏರಿಳಿಯಬೇಕು. 1990ರಲ್ಲಿ ನೋಡಿದಾಗ ಇನ್‌ಫ್ರಾರೆಡ್ ಕೂಡ ಮಿಡಿಯುತ್ತಿತ್ತು. ಅಂದರೆ ಧೂಳು! 2005ರಲ್ಲಿ ಸ್ಪಿಟ್ಜರ್ ದೂರದರ್ಶಕ ಆ ಧೂಳಿನಲ್ಲಿ ಸಿಲಿಕೇಟ್ ಗುರುತನ್ನೂ ಕಂಡಿತು. ಸಿಲಿಕೇಟ್ ಅಂದರೆ ಕಲ್ಲು. ನಮ್ಮ ಬೆಟ್ಟಗುಡ್ಡಗಳಲ್ಲಿ ಇರುವಂಥದ್ದೇ.

ಧೂಳು ಅಲ್ಲಿಗೆ ಬಂದದ್ದು ಹೇಗೆ ಎಂಬುದಕ್ಕೆ ಇವತ್ತಿಗೂ ನಿಂತಿರುವ ಉತ್ತರ ಕೊಟ್ಟವರು ಮೈಕೆಲ್ ಜುರಾ, 2003ರಲ್ಲಿ. ಒಂದು ಕ್ಷುದ್ರಗ್ರಹ ದಾರಿ ತಪ್ಪಿ ಶ್ವೇತ ಕುಬ್ಜದ ತೀರಾ ಹತ್ತಿರ ಬರುತ್ತದೆ. ಅದರ ಮುಂದಿನ ಬದಿಗೂ ಹಿಂದಿನ ಬದಿಗೂ ಬೀಳುವ ಸೆಳೆತದಲ್ಲಿ ವ್ಯತ್ಯಾಸ ಎಷ್ಟಿರುತ್ತದೆ ಎಂದರೆ ಕಲ್ಲು ಹರಿದು ಚೂರಾಗುತ್ತದೆ. ಚಂದ್ರ ನಮ್ಮ ಕಡಲನ್ನು ಎಳೆದು ಉಬ್ಬರ ತರುವುದೂ ಇದೇ ವ್ಯತ್ಯಾಸದಿಂದ, ಇಲ್ಲಿ ಅದರ ರೌದ್ರ ರೂಪ. ಚೂರುಗಳು ಒಂದಕ್ಕೊಂದು ಉಜ್ಜಿ ಪುಡಿಯಾಗಿ, ಶನಿಯ ಬಳೆಗಳಂತೆ ಚಪ್ಪಟೆ ತಟ್ಟೆಯಾಗಿ ಸುತ್ತತೊಡಗುತ್ತವೆ. ಒಳ ಅಂಚಿನ ಧೂಳು ಕಾದು ಆವಿಯಾಗುತ್ತದೆ. ಆ ಆವಿ ಸುತ್ತುತ್ತಾ ಸುತ್ತುತ್ತಾ ನಕ್ಷತ್ರದ ಮೇಲೆ ಸುರಿಯುತ್ತದೆ. ಹಂಡೆಗೆ ಮಣ್ಣು ಬೀಳುವುದು ಹೀಗೆ.

ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ತರ್ಕ ಇನ್ನೊಂದಿದೆ. ಕಲ್ಲು ಹರಿದುಹೋಗುವ ಈ ಗಡಿ ಶ್ವೇತ ಕುಬ್ಜದಿಂದ ಸುಮಾರು ಏಳು ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಅದು ಸೂರ್ಯನ ತ್ರಿಜ್ಯದಷ್ಟು. ಅಂದರೆ ಇಡೀ ಧೂಳಿನ ತಟ್ಟೆ ಹೆಚ್ಚುಕಡಿಮೆ ಈಗಿನ ಸೂರ್ಯನ ಜಾಗದಲ್ಲೇ ಹಿಡಿಯುತ್ತದೆ. ಹಿಂದೆ ಕೆಂಪು ದೈತ್ಯವಾಗಿದ್ದಾಗ ಆ ನಕ್ಷತ್ರ ಇದರ ನೂರಾರು ಪಟ್ಟು ದೊಡ್ಡದಿತ್ತು. ಈಗ ಧೂಳು ಸುತ್ತುತ್ತಿರುವ ಜಾಗ ಆಗ ನಕ್ಷತ್ರದ ಹೊಟ್ಟೆಯೊಳಗಿತ್ತು! ಅಲ್ಲಿ ಯಾವ ಕಲ್ಲೂ ಉಳಿಯಲು ಸಾಧ್ಯವಿರಲಿಲ್ಲ. ಹಾಗಾದರೆ ಈ ಧೂಳು ಹಳೆಯ ಕಾಲದಿಂದ ಅಲ್ಲೇ ಇದ್ದದ್ದಲ್ಲ, ಆಮೇಲೆ ದೂರದಿಂದ ಬಂದದ್ದು.

ದೂರದಲ್ಲಿದ್ದ ಕಲ್ಲು ತಾನಾಗೇ ಒಳಗೆ ಯಾಕೆ ಬರುತ್ತದೆ? ಸತ್ತ ನಕ್ಷತ್ರ ಎಲ್ಲವನ್ನೂ ಹೀರಿಕೊಳ್ಳುತ್ತದೆ ಅಂತ ಕೆಲವು ಸುದ್ದಿಗಳಲ್ಲಿ ಬರೆಯುತ್ತಾರೆ. ‘ಪಿಶಾಚಿ ನಕ್ಷತ್ರ’ ಅಂತೆಲ್ಲ ತಲೆಬರಹ ಬೇರೆ. ವಾಸ್ತವ ಉಲ್ಟಾ. ಹೊರಪದರ ಕಳೆದುಕೊಂಡು ನಕ್ಷತ್ರ ಹಗುರಾಗಿದೆ, ಹಿಡಿತ ಸಡಿಲವಾಗಿದೆ. ಉಳಿದ ಗ್ರಹಗಳು, ಕಲ್ಲುಗಳು ಎಲ್ಲ ಇನ್ನೂ ದೂರ ಸರಿದಿರುತ್ತವೆ. ಅಂಥ ಕಲ್ಲನ್ನು ಒಳಕ್ಕೆ ತಳ್ಳಲು ಒಬ್ಬರು ಬೇಕು. ಹತ್ತಿರದಲ್ಲಿ ಒಂದು ದೊಡ್ಡ ಗ್ರಹವಿದ್ದರೆ ಅದರ ಸೆಳೆತ ಕ್ಷುದ್ರಗ್ರಹಗಳನ್ನು ಒಂದೊಂದಾಗಿ ಹಾದಿ ತಪ್ಪಿಸುತ್ತದೆ. ಅವುಗಳಲ್ಲಿ ಕೆಲವು ನೇರ ಒಳಗೆ ಬೀಳುತ್ತವೆ. ಅದಕ್ಕೇ ನಕ್ಷತ್ರದಲ್ಲಿ ಮಣ್ಣು ಕಂಡರೆ, ಎಲ್ಲೋ ಕತ್ತಲಲ್ಲಿ ಒಂದು ಗ್ರಹ ಇನ್ನೂ ಬದುಕಿ ಸುತ್ತುತ್ತಿರಬೇಕು ಅಂತ ಖಗೋಳ ವಿಜ್ಞಾನಿಗಳು ಊಹಿಸುವುದು. 2020ರಲ್ಲಿ ಡಬ್ಲ್ಯುಡಿ 1856+534 ಎಂಬ ಶ್ವೇತ ಕುಬ್ಜದ ಸುತ್ತ ಗುರುವಿನಷ್ಟು ದೊಡ್ಡ ಗ್ರಹವೇ ಸಿಕ್ಕಿತು. ಸುಮಾರು 34 ಗಂಟೆಗೆ ಒಂದು ಸುತ್ತು. ಗ್ರಹ ತನ್ನ ನಕ್ಷತ್ರಕ್ಕಿಂತ ಅಗಲದಲ್ಲಿ ಏಳು ಪಟ್ಟು ದೊಡ್ಡದು!

ನುಂಗುವಾಗ ಸಿಕ್ಕಿಬಿದ್ದವು

ಇಷ್ಟು ಹೊತ್ತಿನವರೆಗೆ ಎಲ್ಲವೂ ಘಟನೆ ಮುಗಿದ ಮೇಲಿನ ಪಂಚನಾಮೆ. ಕಣ್ಣೆದುರಿಗೇ ಕಲ್ಲು ಚೂರಾಗುವುದು ಕಂಡದ್ದು 2015ರಲ್ಲಿ. ಕೆಪ್ಲರ್ ದೂರದರ್ಶಕದ ದಾಖಲೆಗಳನ್ನು ನೋಡುತ್ತಿದ್ದ ಆಂಡ್ರ್ಯೂ ವಾಂಡರ್‌ಬರ್ಗ್ ತಂಡಕ್ಕೆ ಡಬ್ಲ್ಯುಡಿ 1145+017 ಎಂಬ ಶ್ವೇತ ಕುಬ್ಜದ ಬೆಳಕು ನಾಲ್ಕೂವರೆಯಿಂದ ಐದು ಗಂಟೆಗೊಮ್ಮೆ ಕುಗ್ಗುವುದು ಕಂಡಿತು. ಕನ್ಯಾ ರಾಶಿಯ ಕಡೆ, ನೂರಾರು ಬೆಳಕಿನ ವರ್ಷ ದೂರ. ಗ್ರಹ ಅಡ್ಡ ಬಂದರೆ ಬೆಳಕು ಪ್ರತಿಸಲ ಒಂದೇ ರೀತಿ ಇಳಿದು ಏರುತ್ತದೆ. ಇಲ್ಲಿ ಇಳಿತದ ಆಕಾರ ದಿನದಿಂದ ದಿನಕ್ಕೆ ಬದಲಾಗುತ್ತಿತ್ತು. ಕೆಲವು ಸಲ ಬೆಳಕು ನೂರಕ್ಕೆ 40ರಷ್ಟು ಬಿದ್ದುಹೋಗುತ್ತಿತ್ತು. ಅಡ್ಡ ಬರುತ್ತಿದ್ದದ್ದು ಹಿಂದೆ ಧೂಳಿನ ಬಾಲ ಎಳೆದುಕೊಂಡು ಸುತ್ತುವ ಒಡೆದ ಕಾಯಗಳು. ಮಣ್ಣಿನ ರಸ್ತೆಯಲ್ಲಿ ಲಾರಿ ಹೋದ ಮೇಲೆ ಏಳುವ ಧೂಳು ಲಾರಿಗಿಂತ ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ನೆನಪಿಸಿಕೊಳ್ಳಿ. ಈಚಿನ ವರ್ಷಗಳಲ್ಲಿ ಆ ಇಳಿತಗಳು ಬಹಳ ಕಡಿಮೆಯಾಗಿವೆ. ನೂರಾರು ಕೋಟಿ ವರ್ಷಗಳ ಕತೆಯ ಒಂದು ದೃಶ್ಯ ಹತ್ತು ವರ್ಷದೊಳಗೆ ಬಂದು ಹೋಯಿತು. ನಾವು ನೋಡುವಾಗಲೇ ನಡೆದದ್ದು ಪುಣ್ಯ ಅನ್ನಬೇಕು.

2019ರಲ್ಲಿ ಇನ್ನೊಂದು. ಎಸ್‌ಡಿಎಸ್‌ಎಸ್ ಜೆ1228+1040 ಎಂಬ ಶ್ವೇತ ಕುಬ್ಜದ ಸುತ್ತಲಿನ ಅನಿಲ ತಟ್ಟೆಯೊಳಗೆ 123 ನಿಮಿಷಕ್ಕೊಮ್ಮೆ ಏನೋ ಸುತ್ತುತ್ತಿದೆ ಅಂತ ಕ್ರಿಸ್ಟೋಫರ್ ಮ್ಯಾನ್ಸರ್ ತಂಡ ಕಂಡುಕೊಂಡಿತು. ಅದು ಇರುವುದು ಕಲ್ಲು ಹರಿದುಹೋಗುವ ಗಡಿಯ ಎಷ್ಟೋ ಒಳಗೆ. ಆದರೂ ಹರಿದಿಲ್ಲ! ಮಾಮೂಲಿ ಕಲ್ಲಾಗಿದ್ದರೆ ಪುಡಿಯಾಗಬೇಕಿತ್ತು. ಹಾಗಾಗಿ ಅದು ಒಂದು ಕಾಲದ ಪುಟ್ಟ ಗ್ರಹದ ಕಬ್ಬಿಣದ ತಿರುಳು ಇರಬಹುದು ಎಂಬ ಅಂದಾಜು. ಮೇಲಿನ ಸಿಪ್ಪೆಯೆಲ್ಲ ಕಿತ್ತುಹೋಗಿ ಓಟೆ ಮಾತ್ರ ಉಳಿದ ಮಾವಿನ ಹಣ್ಣಿನ ಹಾಗೆ.

2022ರಲ್ಲಿ ಸರದಿ ಮತ್ತೆ ಜಿ29-38ರದ್ದು. ಧೂಳು ನಕ್ಷತ್ರಕ್ಕೆ ಅಪ್ಪಳಿಸುವಾಗ ಎಷ್ಟು ಬಿಸಿಯಾಗುತ್ತದೆ ಎಂದರೆ ಎಕ್ಸ್-ರೇ ಹೊಮ್ಮಬೇಕು. ಆ ಎಕ್ಸ್-ರೇಯನ್ನು ಚಂದ್ರ ದೂರದರ್ಶಕ ಹಿಡಿಯಿತು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸಾವಿರ ಟನ್ನಿಗೂ ಮೀರಿ ಪದಾರ್ಥ ಬೀಳುತ್ತಿದೆ. ಒಂದು ಲಾರಿಗೆ ಹತ್ತು ಟನ್ ಮರಳು ಅಂದುಕೊಂಡರೂ ಪ್ರತಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಲಾರಿ.

ಈ ದೂರದರ್ಶಕದ ಹೆಸರು ‘ಚಂದ್ರ’ ಆಗಿರುವುದರಲ್ಲಿ ಒಂದು ಸೊಗಸಿದೆ. ಅದು ಆಕಾಶದ ಚಂದ್ರನ ಹೆಸರಲ್ಲ, ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದು. 1930ರಲ್ಲಿ, 19ರ ವಯಸ್ಸಿನಲ್ಲಿ, ಭಾರತದಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ ಅವರು ಶ್ವೇತ ಕುಬ್ಜಗಳ ಲೆಕ್ಕ ಮಾಡುತ್ತಾ ಕೂತಿದ್ದರು. ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಾದ ಶ್ವೇತ ಕುಬ್ಜ ಇರಲಾರದು ಎಂಬ ಮಿತಿಗೆ ಇವತ್ತು ಅವರದೇ ಹೆಸರು. ಲಡಾಖಿನ ಹಾನ್ಲೆಯಲ್ಲಿರುವ ನಮ್ಮ ಎರಡು ಮೀಟರ್ ದೂರದರ್ಶಕಕ್ಕೂ ಅವರ ಹೆಸರೇ. ಅದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಹಿಮಾಲಯದ ಮೇಲಿರುವ ಆ ದೂರದರ್ಶಕವನ್ನು ತಿರುಗಿಸುವವರು ಕೂತಿರುವುದು ನಮ್ಮ ಹೊಸಕೋಟೆಯಲ್ಲಿ.

ಒಡೆದ ಮೇಲೇ ಒಳಗು ಕಾಣುವುದು

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ? ಭೂಮಿಯ ಒಳಗೆ ಏನಿದೆ ಅಂತ ನೋಡಲು ಮನುಷ್ಯ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾದಲ್ಲಿದೆ. ಆಳ 12 ಕಿಲೋಮೀಟರಿನ ಆಸುಪಾಸು. ಭೂಮಿಯ ನಡುವಿಗೆ 6,371 ಕಿಲೋಮೀಟರ್. ನಮ್ಮ ಕಾಲ ಕೆಳಗಿನ ಗ್ರಹದ ಸಿಪ್ಪೆಯನ್ನೇ ನಾವು ದಾಟಿಲ್ಲ. ಹೀಗಿರುವಾಗ ನೂರಾರು ಬೆಳಕಿನ ವರ್ಷ ದೂರದ ಗ್ರಹದ ಒಳಗಿನ ಕಲ್ಲು ಎಂಥದ್ದು ಅಂತ ಹೇಳುವುದು ಹೇಗೆ? ಮಾಮೂಲಿ ದಾರಿಯಲ್ಲಿ ಸಿಗುವುದು ಅದರ ಗಾತ್ರ, ತೂಕ. ಜಾಸ್ತಿ ಅಂದರೆ ಹೊರಗಿನ ಗಾಳಿಯ ಸುಳಿವು.

ಶ್ವೇತ ಕುಬ್ಜ ಈ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ಕಲ್ಲನ್ನು ಒಡೆದು, ಪುಡಿ ಮಾಡಿ, ಆವಿಯಾಗಿಸಿ, ಹೈಡ್ರೋಜನ್-ಹೀಲಿಯಂನ ತಿಳಿ ಹಿನ್ನೆಲೆಯ ಮೇಲೆ ಹರಡಿ ತೋರಿಸುತ್ತದೆ. ನಾವು ಗೆರೆ ಎಣಿಸಿದರೆ ಸಾಕು. ಹಾಗೆ ಎಣಿಸಿದಾಗ ಮತ್ತೆ ಮತ್ತೆ ಸಿಗುವುದು ಆಮ್ಲಜನಕ, ಮೆಗ್ನೀಷಿಯಂ, ಸಿಲಿಕಾನ್, ಕಬ್ಬಿಣ. ಭೂಮಿಯ ತೂಕದ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಇದೇ ನಾಲ್ಕು. ಕಾರ್ಬನ್ ನಮ್ಮಲ್ಲಿರುವ ಹಾಗೇ ಅಲ್ಲೂ ಕಡಿಮೆ. ಒಟ್ಟಿನಲ್ಲಿ ಬೇರೆ ಕಡೆಯ ಕಲ್ಲೂ ಹೆಚ್ಚುಕಡಿಮೆ ನಮ್ಮ ಕಲ್ಲಿನಂತೆಯೇ. ನೀರಸ ಅನ್ನಿಸಿತೇ? ನನಗಂತೂ ಈ ವಿಷಯದಲ್ಲೇ ಅತಿ ದೊಡ್ಡ ಸುದ್ದಿ ಇದು.

ಎಲ್ಲವೂ ಒಂದೇ ಥರ ಇಲ್ಲ ಅನ್ನಿ. ಕೆಲವು ನಕ್ಷತ್ರಗಳಲ್ಲಿ ಬಿದ್ದದ್ದು ಕಬ್ಬಿಣವೇ ಜಾಸ್ತಿ ಇರುವ ತುಣುಕು. ಇನ್ನು ಕೆಲವದರಲ್ಲಿ ಕ್ಯಾಲ್ಸಿಯಂ, ಅಲ್ಯೂಮಿನಿಯಂ ಜಾಸ್ತಿ. ಹಂಡೆಯ ನ್ಯಾಯ ಗ್ರಹದೊಳಗೂ ನಡೆಯುತ್ತದೆ. ಕರಗಿದ ಗ್ರಹದಲ್ಲಿ ಭಾರದ ಕಬ್ಬಿಣ ನಡುವಿಗಿಳಿದು ತಿರುಳಾಗುತ್ತದೆ, ಹಗುರವಾದ ಕಲ್ಲು ಮೇಲೆ ತೇಲುತ್ತದೆ. ಹಾಗಾಗಿ ಕಬ್ಬಿಣದ ತುಣುಕು ಸಿಕ್ಕಿತು ಎಂದರೆ, ಆ ಪುಟ್ಟ ಲೋಕ ಒಂದು ಕಾಲದಲ್ಲಿ ಕರಗಿ, ತಿರುಳು-ಹೊದಿಕೆ ಅಂತ ಬೇರ್ಪಟ್ಟಿತ್ತು ಎಂದು ಗೊತ್ತಾಗುತ್ತದೆ.

ನೀರೂ ಸಿಕ್ಕಿದೆ. 2013ರಲ್ಲಿ ಜಿಡಿ 61 ಎಂಬ ಶ್ವೇತ ಕುಬ್ಜದಲ್ಲಿ ಆಮ್ಲಜನಕದ ಲೆಕ್ಕ ಜಾಸ್ತಿ ಬಂತು. ಕಲ್ಲಿನಲ್ಲಿ ಆಮ್ಲಜನಕ ಯಾವ ಯಾವ ಧಾತುವಿನ ಜೊತೆ ಎಷ್ಟು ಕೂಡಿಕೊಳ್ಳುತ್ತದೆ ಅಂತ ಗೊತ್ತು. ಸಿಲಿಕಾನ್ ಪಾಲು, ಮೆಗ್ನೀಷಿಯಂ ಪಾಲು, ಕಬ್ಬಿಣದ ಪಾಲು ಎಲ್ಲ ಕಳೆದ ಮೇಲೂ ತುಂಬಾ ಆಮ್ಲಜನಕ ಉಳಿಯಿತು. ಕಾರ್ಬನ್ನೂ ಹೆಚ್ಚಿರಲಿಲ್ಲ. ಉಳಿದ ದಾರಿ ನೀರೊಂದೇ. ನುಂಗಿದ ಕಾಯದ ತೂಕದಲ್ಲಿ ನೂರಕ್ಕೆ 26ರಷ್ಟು ನೀರಿತ್ತು ಅಂತ ಲೆಕ್ಕ. ಮನೆ ಖರ್ಚಿನ ಲೆಕ್ಕದಲ್ಲಿ ಉಳಿದ ಚಿಲ್ಲರೆ ನೋಡಿ ಯಾರ ಜೇಬಿನದು ಅಂತ ಪತ್ತೆ ಮಾಡಿದ ಹಾಗಾಯಿತು. 2017ರಲ್ಲಿ ಇನ್ನೊಂದು ಶ್ವೇತ ಕುಬ್ಜದಲ್ಲಿ ಸಾರಜನಕ ಸಿಕ್ಕಿತು. ಅದು ನುಂಗಿದ್ದು ನೆಪ್ಚೂನ್‌ನಾಚೆಯ ಮಂಜಿನ ಕಾಯಗಳಂಥದ್ದನ್ನು.

ಸೂರ್ಯನ ಗತಿಯೂ ಇದೇ. ಇನ್ನು ಸುಮಾರು 500 ಕೋಟಿ ವರ್ಷಕ್ಕೆ ಅದು ಊದಿಕೊಂಡು ಬುಧ, ಶುಕ್ರರನ್ನು ನುಂಗುತ್ತದೆ. ಭೂಮಿಯದು ಅತ್ತ ದರಿ ಇತ್ತ ಪುಲಿ. ಮಂಗಳ ಮತ್ತು ಅದರಾಚೆಯವು ಉಳಿಯುತ್ತವೆ. ಹೆಚ್ಚುಕಡಿಮೆ ಅರ್ಧ ತೂಕ ಕಳೆದುಕೊಂಡ ಸೂರ್ಯನ ಸುತ್ತ ಗುರು ಗ್ರಹ ಇನ್ನೂ ದೂರದಲ್ಲಿ ಸುತ್ತುತ್ತಾ, ಉಳಿದ ಕ್ಷುದ್ರಗ್ರಹಗಳನ್ನು ಆಗೊಮ್ಮೆ ಈಗೊಮ್ಮೆ ಒಳಕ್ಕೆ ತಳ್ಳುತ್ತಿರುತ್ತದೆ.

ಒಂದು ಗಂಟು ಮಾತ್ರ ಪೂರ್ತಿ ಬಿಚ್ಚಿಲ್ಲ. ಮೈಗೆ ಮಣ್ಣು ಮೆತ್ತಿಕೊಂಡ ಶ್ವೇತ ಕುಬ್ಜಗಳು ನಾಲ್ಕರಲ್ಲಿ ಒಂದರಿಂದ ಎರಡರಲ್ಲಿ ಒಂದರಷ್ಟಿವೆ. ಸುತ್ತ ಧೂಳಿನ ತಟ್ಟೆ ಕಾಣುವುದು ಮಾತ್ರ ನೂರರಲ್ಲಿ ಕೆಲವೇ ಕೆಲವಕ್ಕೆ. ಊಟ ಮಾಡಿದ ಗುರುತು ಬಾಯಲ್ಲಿದೆ, ಎಲೆ ಎಲ್ಲಿ? ತಟ್ಟೆ ತೀರಾ ತೆಳ್ಳಗಿರಬಹುದು, ನಮ್ಮ ಕಡೆಗೆ ಅಂಚು ತೋರಿಸಿ ನಿಂತಿರಬಹುದು, ಪೂರ್ತಿ ಆವಿಯಾಗಿರಬಹುದು, ಖಾಲಿಯೇ ಆಗಿರಬಹುದು. ಹೀಲಿಯಂ ಹೊದಿಕೆಯವುಗಳಲ್ಲಿ ಕೊನೆಯದು ಸುಲಭ, ಯಾಕೆಂದರೆ ತಟ್ಟೆ ಹೋದ ಮೇಲೂ ಕೊಳೆ ಲಕ್ಷಾಂತರ ವರ್ಷ ಉಳಿಯುತ್ತದೆ. ದಿನ-ವಾರಗಳಲ್ಲಿ ತಿಳಿಯಾಗುವ ಹೈಡ್ರೋಜನ್ ನಕ್ಷತ್ರಗಳಿಗೆ ಆ ಸಬೂಬು ನಡೆಯುವುದಿಲ್ಲ.

ಕತೆ ಶುರುವಾದ ವಾನ್ ಮಾನೆನ್ ನಕ್ಷತ್ರದ ಸುತ್ತಲೂ ಧೂಳು ಕಂಡಿಲ್ಲ. ಬರೀ 14 ಬೆಳಕಿನ ವರ್ಷ ದೂರದಲ್ಲಿದ್ದರೂ ಇಲ್ಲ. ತಮಾಷೆ ಎಂದರೆ ಅದೂ, ಧೂಳಿನ ತಟ್ಟೆ ಇರುವ ಜಿ29-38 ಕೂಡ ಮೀನ ರಾಶಿಯಲ್ಲೇ ಇವೆ. ನವೆಂಬರ್ ರಾತ್ರಿ ತಲೆಯೆತ್ತಿದರೆ ಆ ರಾಶಿ ನೆತ್ತಿಯ ಹತ್ತಿರವೇ ಇರುತ್ತದೆ. ಎರಡೂ ಬರಿಗಣ್ಣಿಗೆ ಕಾಣುವುದಿಲ್ಲ.